ಹತ್ತನೆಯ ಹೆಸರು

ರಾಜ್ಯಶಾಸ್ತ್ರ ಓದಿದವರಿಗೆ ಏನೇನು ಅವಕಾಶಗಳಿವೆ ಎಂದು ಕೇಳುವವರು ಇವತ್ತಿಗೂ ಸಿಗುತ್ತಲೇ ಇರುತ್ತಾರೆ. ನಾನೀಗ ಇರುವುದು ಜಬಲ್ಪುರದಲ್ಲಿ, ಹುಟ್ಟಿದ ಊರಿನಿಂದ ಎರಡು ರಾತ್ರಿಯ ರೈಲಿನ ದೂರ. ಇಲ್ಲೂ ನನ್ನನ್ನು ಹಿಂದಿಯಲ್ಲಿ ಅಜ್ಜಿ ಎಂದು ಕರೆಯುವ ಪಕ್ಕದ ಮನೆಯ ಹುಡುಗಿ ಅದೇ ವಿಷಯ ತೆಗೆದುಕೊಂಡು, "ದಾದಿ, ಇದರಲ್ಲಿ ಸ್ಕೋಪ್ ಏನಿದೆ?" ಎಂದು ಕೇಳುತ್ತಾಳೆ. ಕಲೆಕ್ಟರ್ ಆಗಬಹುದು, ವಕೀಲೆಯಾಗಬಹುದು, ಪತ್ರಿಕೆಗೆ ಬರೆಯಬಹುದು, ಪಾಠ ಹೇಳಬಹುದು ಎನ್ನುತ್ತೇನೆ. ಸತ್ತವರ ಪರಿಚಯವಾಗುವ ಅವಕಾಶವೂ ಉಂಟು ಎಂದು ಕೊನೆಯಲ್ಲಿ ಸೇರಿಸುತ್ತೇನೆ. ಅವಳು ನಗುತ್ತಾಳೆ. ಆಮೇಲೆ ಒಮ್ಮೆ ಬಾಗಿಲ ಕಡೆ ನೋಡುತ್ತಾಳೆ.

೧. ಅಡಕತ್ತರಿ

ನಮ್ಮ ಮನೆ ಮಧುಗಿರಿಯಲ್ಲಿ, ಬೆಟ್ಟದ ಬುಡದಲ್ಲೇ. ಅಪ್ಪನದು ಸೈಕಲ್ ಶಾಪು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ವಿಶ್ವವಿದ್ಯಾನಿಲಯಕ್ಕೆ ಹೋಗಿ ಎಂ.ಎ. ಸೇರಿದೆ. ಬೇಸಿಗೆ ರಜಕ್ಕೆ ಬಂದಾಗ ಎದುರುಮನೆಯ ಅಜ್ಜಿ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಂದು ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

"ಏನವ್ವಾ, ಶಾಸ್ತ್ರ ಓದ್ತಾ ಇದೀಯಂತೆ?"

"ಹೌದಜ್ಜಿ, ರಾಜ್ಯಶಾಸ್ತ್ರ."

"ರಾಜ್ಯದ್ದು ಕಟ್ಕಂಡು ನಂಗೇನು. ನಮ್ಮನೇದು ಹೇಳು. ಅಡಕತ್ತರಿ ಕಾಣದಂಗಾಗಿ ಎಂಟು ದಿನ ಆಯ್ತು."

ನಮ್ಮ ಕಡೆ ಶಾಸ್ತ್ರ ಅಂದರೆ ಕವಡೆ ಹಾಕಿ, ಕೈ ನೋಡಿ ಹೇಳುವ ಶಾಸ್ತ್ರ. ನಾನೆಷ್ಟು ಬಿಡಿಸಿ ಹೇಳಿದರೂ ಅಜ್ಜಿ ಏಳಲಿಲ್ಲ. ಕೈಯಲ್ಲಿ ಪುಸ್ತಕ, ಮುಂದೆ ಪರೀಕ್ಷೆ. ತೊಲಗಿದರೆ ಸಾಕೆಂದು ಬಾಯಿಗೆ ಬಂದದ್ದು ಅಂದೆ: "ಬಡಗಲು ದಿಕ್ಕಿಗೆ, ಕಲ್ಲಿನ ಹತ್ರ, ಕೆಂಪು ಬಟ್ಟೇಲಿ ಸುತ್ತೈತೆ. ಹೋಗಜ್ಜಿ."

ಅರ್ಧ ಗಂಟೆಯಲ್ಲಿ ಅಜ್ಜಿ ವಾಪಸು ಬಂದರು. ಕೈಯಲ್ಲಿ ಅಡಕತ್ತರಿ. ಹಿತ್ತಲ ಒಗೆಯೋ ಕಲ್ಲಿನ ಸಂದಿಯಲ್ಲಿತ್ತಂತೆ.

ಅಪ್ಪ ನಕ್ಕರು. "ಮಧುಗಿರೀಲಿ ಕಲ್ಲಿನ ಹತ್ರ ಇಲ್ದಿರೋ ವಸ್ತು ಯಾವುದಮ್ಮ?"

ಅಜ್ಜಿ ಸೆರಗಿನಿಂದ ಒಂದು ತುಂಡು ಬಟ್ಟೆ ತೆಗೆದು ಅಪ್ಪನ ಮುಂದೆ ಹಿಡಿದರು. ಕೆಂಪು. ಅಪ್ಪನ ನಗು ಅಲ್ಲೇ ನಿಂತಿತು. ನನ್ನ ತೋಳಿನ ರೋಮ ಎದ್ದು ನಿಂತದ್ದು ಎಷ್ಟೋ ಹೊತ್ತು ಮಲಗಲಿಲ್ಲ. ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಏಳು ಜನ ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಎಲೆ ಅಡಿಕೆ. ಎದುರುಮನೆ ಅಜ್ಜಿ ಅವರನ್ನು ಗದರುತ್ತಿದ್ದರು: "ನುಗ್ಗಬ್ಯಾಡ್ರೇ! ಓಟಿನ ಸಾಲು ನಿಂತಂಗೆ ನಿಂತ್ಕಳಿ. ರಾಜ್ಯದ ಶಾಸ್ತ್ರ ಅದು."

೨. ಇಪ್ಪತ್ತನೆಯವನು

ಎರಡನೆಯ ವರ್ಷಕ್ಕೆ ಒಂದು ಪ್ರಬಂಧ ಬರೆಯಬೇಕಿತ್ತು. ನನ್ನ ವಿಷಯ: ಹಳ್ಳಿಯ ಜನ ಯಾಕೆ, ಯಾರ ಮಾತು ಕೇಳಿ ಮತ ಹಾಕುತ್ತಾರೆ. ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ ನಾಲ್ಕೂ ತಾಲ್ಲೂಕು ತಿರುಗಿ ಐವತ್ತು ಜನರಿಂದ ಫಾರಂ ತುಂಬಿಸಿ ತರಬೇಕು. ಐವತ್ತರಲ್ಲಿ ಒಂದು ಕಡಿಮೆಯಾದರೂ ಪ್ರಬಂಧ ತಗೊಳ್ಳುವುದಿಲ್ಲ ಎಂದು ನಮ್ಮ ಗೈಡ್ ಮೇಷ್ಟ್ರು ಮೊದಲೇ ಹೇಳಿದ್ದರು.

ಮನೆಯಲ್ಲಿ ಇನ್ನೊಂದು ಲೆಕ್ಕ ನಡೆದಿತ್ತು. ಸಿರಾದ ಸೋದರತ್ತೆ ನನಗೊಂದು ಗಂಡು ನೋಡಿದ್ದರು. ವೈ.ಎನ್. ಹೊಸಕೋಟೆ ಕಡೆಯ ಕಡ್ಲೆಕಾಯಿ ಮಿಲ್ಲಿನ ಹುಡುಗ. "ಮಿಲ್ಲು ಓಡ್ತಾ ಐತೆ, ಶಾಸ್ತ್ರ ಓಡ್ತೈತಾ?" ಎಂದು ಅತ್ತೆ ಕೇಳಿದ್ದರು. ಅಪ್ಪ ಎರಡೂ ಕಡೆಗೆ ನ್ಯಾಯ ಹೇಳುವವರಂತೆ ತೀರ್ಪು ಕೊಟ್ಟರು: ಫಸ್ಟ್ ಕ್ಲಾಸು ಬಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿದರೆ ಕೆಲಸ, ಇಲ್ಲದಿದ್ದರೆ ಮಿಲ್ಲು. ಹಾಗಾಗಿ ನನ್ನ ಮುಂದಿನ ಬಾಳೆಲ್ಲ ಆ ಐವತ್ತು ಫಾರಮ್ಮಿನ ಮೇಲೆ ನಿಂತಿತ್ತು.

ಯಾರನ್ನು ಕೇಳಬೇಕು ಎಂಬುದಕ್ಕೂ ಮೇಷ್ಟ್ರು ಒಂದು ನಿಯಮ ಮಾಡಿದ್ದರು. "ನಿನಗೆ ಬೇಕಾದವರನ್ನ ಆರಿಸ್ಕೋಬಾರದು. ಮತದಾರರ ಪಟ್ಟಿ ಇಟ್ಕೋ. ಪ್ರತಿ ಹತ್ತನೇ ಹೆಸರು. ಸತ್ತಿದ್ರೆ ಬಿಟ್ಟು ಮುಂದಿನ ಹತ್ತನೇದಕ್ಕೆ ಹೋಗು. ಬದುಕಿರೋರನ್ನ ಬಿಡಬೇಡ, ಸತ್ತೋರನ್ನ ತರಬೇಡ."

ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿ. ಸುತ್ತ ಗುಡ್ಡ, ನಡುವೆ ಇಪ್ಪತ್ತೈದು ಮನೆ. ಪಟ್ಟಿಯ ಕೊನೆಯಿಂದ ಶುರು ಮಾಡೋಣವೆಂದು ಅರವತ್ತನೆಯ ಹೆಸರು ಕೂಗಿದೆ. ಅರಳಿಕಟ್ಟೆಯ ಮೇಲಿದ್ದವರು ಊರ ಹೊರಗಿನ ಹುಣಸೇಮರಗಳ ಕಡೆ ಕೈ ತೋರಿಸಿದರು. ಹೊಲದಲ್ಲಿದ್ದಾರೆ ಎಂದುಕೊಂಡು ಹೋಗಿ ನೋಡಿದರೆ ಅದು ಸ್ಮಶಾನ. ವಾಪಸು ಬಂದು ಐವತ್ತನೆಯದು ಕೇಳಿದೆ. ಅದೇ ಹುಣಸೇಮರ. ನಲವತ್ತು, ಅಲ್ಲೇ. ಮೂವತ್ತು, ಅಲ್ಲೇ. ಕಟ್ಟೆಯ ಮೇಲಿನ ಮಾತು ಒಂದೊಂದಾಗಿ ಆರಿಹೋಯಿತು. ನಡುಮಧ್ಯಾಹ್ನ, ಒಂದು ಕಾಗೆಯೂ ಕೂಗಲಿಲ್ಲ.

ಒಬ್ಬ ಮುದುಕರು ಮೆಲ್ಲಗೆ ಕೇಳಿದರು: "ಯಾವ ಲೆಕ್ಕದಾಗೆ ಹೆಸರು ಓದ್ತಾ ಇದೀಯವ್ವಾ?"

"ಹತ್ತು ಹತ್ತಕ್ಕೆ ಒಂದು ತಾತ."

"ಅಂದ್ರೆ ಮುಂದ್ಕೆ ಇಪ್ಪತ್ತು."

ಕಟ್ಟೆಯ ಕೊನೆಯಲ್ಲಿ ಕೂತಿದ್ದ ದಪ್ಪ ಮೀಸೆಯವನೊಬ್ಬ ದಡಬಡ ಎದ್ದ. ಇಪ್ಪತ್ತನೆಯವನು ಅವನೇ, ಗಟ್ಟಿಮುಟ್ಟಾಗಿದ್ದಾನೆ. ನನ್ನ ಹತ್ತಿರ ಬಂದು, ಪಟ್ಟಿ ಮುಟ್ಟಲು ಹೆದರಿ, ಎರಡೂ ಕೈ ಜೋಡಿಸಿದ.

"ತಾಯೀ, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಹತ್ತೊಂಬತ್ತು ಮಾಡ್ಬುಡಿ."

"ಅದು ಹೆಂಗಾಗುತ್ತೆ? ಹತ್ತೊಂಬತ್ತರಲ್ಲಿ ಬೇರೆಯವರು ಇದ್ದಾರಲ್ಲ."

"ಇದ್ರೆ ಏನಂತೆ! ಅದು ನಮ್ಮತ್ತೆ ಕಣಮ್ಮ. ಇಪ್ಪತ್ತಕ್ಕೆ ಅವಳನ್ನ ಹಾಕಿ."

೩. ಕುರ್ಚಿ

ಸಿರಾದಲ್ಲಿ ಪಟ್ಟಿಯ ಹತ್ತನೆಯ ಹೆಸರು ಒಬ್ಬ ಟೈಲರ್ ಸಾಹೇಬರದು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಹಸಿರು ಪರದೆ. ಅಂಗಡಿಯೊಳಗೆ ಒಂದು ಹಳೆಯ ಬೆತ್ತದ ಕುರ್ಚಿ, ಅದರ ಮೇಲೆ ಒಗೆದು ಮಡಿಸಿದ ಬಿಳಿ ಬಟ್ಟೆ. ನಾನು ಕೂರಲು ಹೋದರೆ ಸಾಹೇಬರು ಗಾಬರಿಯಾಗಿ ಸ್ಟೂಲು ತಂದು ಕೊಟ್ಟರು. "ಅದ್ರಾಗೆ ಬ್ಯಾಡಮ್ಮ. ಅಲ್ಲಿ ಕೂತವ್ರೆ."

ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಫಾರಂ ತೆಗೆದೆ. ಯಾರ ಮಾತು ಕೇಳಿ ಮತ ಹಾಕಿದಿರಿ? ಸಾಹೇಬರು ಕತ್ತು ಹಿಂದಕ್ಕೆ ತಿರುಗಿಸಿ ಕೇಳಿದರು: "ಅಮ್ಮಾಜಾನ್, ಕ್ಯಾ ಬೋಲ್ತೆ?" ಆಮೇಲೆ ನನಗೆ ಹೇಳಿದರು: "ಅಮ್ಮ ಹೇಳಿದ್ದಕ್ಕೆ ಅಂತ ಬರ್ಕಳಿ."

ನನಗೆ ಯಾವ ದನಿಯೂ ಕೇಳಿರಲಿಲ್ಲ. ಸಾಹೇಬರಿಗೇ ಅರವತ್ತು ದಾಟಿದೆ, ಅವರಮ್ಮ ಬದುಕಿರುವುದುಂಟೆ! ಪ್ರತಿ ಪ್ರಶ್ನೆಗೂ ಹಾಗೆಯೇ. ಅವರು ಹಿಂದೆ ತಿರುಗಿ ಕೇಳುವುದು, ಏನೂ ಕೇಳಿಸದಿರುವುದು, ಅವರು ತಲೆಯಾಡಿಸಿ ಉತ್ತರ ಹೇಳುವುದು. ಹಿಂದೆ ನನಗೆ ಕಂಡದ್ದು ಆ ಕುರ್ಚಿ ಮಾತ್ರ. ಸಾಲದ್ದಕ್ಕೆ ಎಲ್ಲಿಂದಲೋ ಒಂದು ಹೊಲಿಗೆ ಮಿಷನ್ನು ತಾನಾಗೇ ಟಕಟಕ ಅನ್ನುತ್ತಿತ್ತು. ಸಾಹೇಬರ ಮಿಷನ್ನು ನನ್ನ ಕಣ್ಣ ಮುಂದೆ ಸುಮ್ಮನೆ ನಿಂತಿತ್ತು. ನಾನು ಬೆವರುತ್ತಾ, ಯಾವುದಕ್ಕೂ ಇರಲಿ ಎಂದು, ಕುರ್ಚಿಗೆ ಕೈ ಮುಗಿದೆ.

ಮಿಷನ್ನಿನ ಸದ್ದು ನಿಂತಿತು. ಪರದೆ ಸರಿದು ಒಬ್ಬ ಪುಟ್ಟ ಮುದುಕಿ ಮುಖ ಹೊರಗಿಟ್ಟರು. ಹಲ್ಲಿಲ್ಲದ ಬಾಯಿ, ಕೈಯಲ್ಲಿ ಅರ್ಧ ಹೊಲಿದ ಕುಪ್ಪಸ. ಇಷ್ಟು ಹೊತ್ತೂ ಪರದೆಯ ಸಂದಿಯಿಂದ ಸನ್ನೆಯಲ್ಲೇ ಉತ್ತರ ಹೇಳಿದ್ದು ಅವರೇ. ನನಗೆ ಜೀವ ಬಂದಂತಾಯಿತು.

"ಉಸ್ಕು ಕಾಯ್ಕು ಸಲಾಮ್ ಕರೀ ಬೇಟಿ? ಆ ಕುರ್ಚಿಗೆ ಯಾಕೆ ಕೈ ಮುಗಿದಿ?"

"ನೀವು ಅದರಲ್ಲಿ... ಅಲ್ಲ, ಯಾರೋ ಕೂತಿದ್ದಾರೆ ಅಂದರಲ್ಲ ಅಮ್ಮ."

"ಕೂತವ್ರೆ. ನಮ್ಮ ಯಜಮಾನ್ರು. ಹೋಗಿ ಇಪ್ಪತ್ತು ವರ್ಷ ಆಯ್ತು, ಇನ್ನೂ ಎದ್ದಿಲ್ಲ." ಮುದುಕಿ ನನ್ನ ಫಾರಮ್ಮಿನ ಕಡೆ ಬೆರಳು ತೋರಿಸಿ ದನಿ ತಗ್ಗಿಸಿದರು. "ಅವ್ರನ್ನ ಕೇಳಬ್ಯಾಡ ಮತ್ತೆ. ಅವ್ರು ಬೇರೆ ಪಾರ್ಟಿ."

೪. ಉಪ್ಪಿಲ್ಲದ ಮಜ್ಜಿಗೆ

ಕೊಡಿಗೇನಹಳ್ಳಿ ಮುಗಿಸಿ ಪಾವಗಡಕ್ಕೆ ಬರುವ ಹೊತ್ತಿಗೆ ನಲವತ್ತೊಂಬತ್ತು ಫಾರಂ ತುಂಬಿತ್ತು. ಮರುದಿನ ವಿಶ್ವವಿದ್ಯಾನಿಲಯದ ಬಸ್ಸು ಹತ್ತಬೇಕು. ಉಳಿದದ್ದು ಒಂದು. ಆಂಧ್ರದ ಗಡಿಗೆ ಅಂಟಿಕೊಂಡ ಕುರಿಗಾಹಿಗಳ ಹಟ್ಟಿ, ಪಟ್ಟಿಯಲ್ಲಿ ನೂರಾ ಹತ್ತನೆಯ ಹೆಸರು, ಈರಕ್ಕ, ವಯಸ್ಸು ಎಪ್ಪತ್ತೆಂಟು.

ಬಸ್ಸು ಇಳಿದು ಎರಡು ಮೈಲಿ ನಡೆಯಬೇಕಿತ್ತು. ಮಟಮಟ ಮಧ್ಯಾಹ್ನ. ದಾರಿಯ ಬಂಡೆಯ ನೆರಳಿನಲ್ಲಿ ಒಬ್ಬ ಮುದುಕಿ ಕೂತಿದ್ದರು. ಸುತ್ತ ಇಪ್ಪತ್ತು ಮೂವತ್ತು ಕುರಿ. ಒಂದೂ ಅರಚುತ್ತಿರಲಿಲ್ಲ, ಒಂದೂ ಮೇಯುತ್ತಿರಲಿಲ್ಲ. ಎಲ್ಲವೂ ಒಂದೇ ಕಡೆ ಮುಖ ಮಾಡಿ ನಿಂತಿದ್ದವು, ನನ್ನ ಕಡೆಗೆ.

"ಅಜ್ಜಿ, ಈರಕ್ಕ ಅಂತ, ಅವರ ಮನೆ ಎಲ್ಲಿ?"

"ನಾನೇ ಕಣಮ್ಮ. ಏನಾಗ್ಬೇಕಿತ್ತು?"

ನನಗೆ ಹಾರಿ ಕುಣಿಯುವಂತಾಯಿತು. ಮಿಲ್ಲಿನಿಂದ ಬಿಡುಗಡೆ! ಅಜ್ಜಿ ಒಂದು ಲೋಟ ಮಜ್ಜಿಗೆ ಕೊಟ್ಟರು. ಆ ಬಿಸಿಲಿನಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಪ್ರಶ್ನೆಗಳಿಗೆ ಪಟಪಟ ಉತ್ತರ ಹೇಳಿದರು. ಕೊನೆಯ ಪ್ರಶ್ನೆ: ಮುಂದಿನ ಚುನಾವಣೆಯಲ್ಲಿ ಮತ ಹಾಕುತ್ತೀರಾ?

"ನಾನು ಓದ್ರೂ ಓಗ್ದಿದ್ರೂ ನನ್ನ ಓಟು ಬಿದ್ದಿರ್ತದೆ ಬುಡು. ಯಾರಾರ ಒಬ್ರು ಹಾಕಿರ್ತಾರೆ."

ಚೆನ್ನಾಗಿದೆ ಎಂದು ಹಾಗೇ ಬರೆದುಕೊಂಡೆ. ಅಜ್ಜಿ ಎಡಗೈ ಹೆಬ್ಬೆಟ್ಟು ಒತ್ತಿದರು. ಉಣ್ಣೆ ಕತ್ತರಿಸುವಾಗ ಎಂದೋ ಕೊಯ್ದುಕೊಂಡ ಗಾಯವಿತ್ತು. ಹೆಬ್ಬೆಟ್ಟಿನ ಗುರುತಿನ ಮೇಲೆ ಓರೆಯಾಗಿ ಒಂದು ಬಿಳಿ ಗೆರೆ ಬಿತ್ತು.

ನೀರು ಕುಡಿದು ಹೋಗೋಣವೆಂದು ಹಟ್ಟಿಗೆ ಹೋದೆ. ಬೇವಿನ ಮರದ ಕೆಳಗೆ ನಾಲ್ಕಾರು ಜನ ಇದ್ದರು. ಈರಕ್ಕನ ಫಾರಂ ತುಂಬಿಸಿಕೊಂಡು ಬಂದೆ ಎಂದದ್ದೇ ತಡ, ಒಬ್ಬ ಹೆಂಗಸು ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಏಮಮ್ಮಾ, ಯಾವ ಈರಕ್ಕ? ಆಯಮ್ಮ ಪೋಯಿಂದಿ ಗದಾ. ತೀರ್ಕಂಡು ಎರಡು ವರ್ಷ ಆಯ್ತು."

ನನ್ನನ್ನು ಕರೆದುಕೊಂಡು ಹೋಗಿ ಹಟ್ಟಿಯ ಹಿಂದಿನ ಸಮಾಧಿಕಲ್ಲು ತೋರಿಸಿದರು. ಅದೇ ಕಲ್ಲಿನ ಪಕ್ಕ ಕುಸಿದು ಕೂತು ಬೇಡವೆಂದು ಮತ್ತೆ ಎದ್ದೆ. ಬೇರೆ ಯಾರೋ ಇರಬೇಕು, ಅಕ್ಕನೋ ತಂಗಿಯೋ ಎಂದು ತೊದಲಿದೆ. ಈರಕ್ಕನಿಗೆ ಒಡಹುಟ್ಟಿದವರೇ ಇರಲಿಲ್ಲವಂತೆ.

ಎಲ್ಲರಿಗಿಂತ ಹಿರಿಯರೊಬ್ಬರು ಕೋಲೂರಿಕೊಂಡು ಮುಂದೆ ಬಂದರು. ಈರಕ್ಕನ ಮೈದುನ ಅವರು. ವಕೀಲರ ಹಾಗೆ ವಿಚಾರಣೆ ಶುರು ಮಾಡಿದರು.

"ಮಜ್ಜಿಗೆ ಕೊಟ್ಲಾ?"

"ಕೊಟ್ರು ತಾತ."

"ಉಪ್ಪಿತ್ತಾ?"

ನೆನಪು ಮಾಡಿಕೊಂಡೆ. "ಇರಲಿಲ್ಲ."

ಅಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಳಿ ನಿಂತಿತು. ಸತ್ತವರಿಗೆ ಇಡುವ ಎಡೆಗೆ ಉಪ್ಪು ಹಾಕುವುದಿಲ್ಲ ಎಂದು ನಾನು ಕೇಳಿದ್ದೆ.

"ಅವಳೇ," ಎಂದರು ಮೈದುನ, ಕೋಲು ನೆಲಕ್ಕೆ ಕುಟ್ಟಿ. "ಬದುಕಿದ್ದಾಗ್ಲೂ ಇಂಗೇಯ, ಒಂದು ಹಳ್ಳು ಉಪ್ಪು ಹಾಕ್ತಿರ್ಲಿಲ್ಲ. ಸತ್ತ ಮ್ಯಾಲಾದ್ರೂ ಜಿಪುಣತನ ಬುಡಬಾರ್ದಾ!"

೫. ಬಹುಮತ

ಇನ್ನೊಬ್ಬರನ್ನು ಹುಡುಕಲು ಹೊತ್ತಿರಲಿಲ್ಲ. ಕಡೆಯ ಬಸ್ಸಿಗೆ ಹೊತ್ತಾಗಿತ್ತು. ಐವತ್ತನೆಯ ಫಾರಂ ಸೇರಿಸಿಯೇ ಪ್ರಬಂಧ ಒಪ್ಪಿಸಿದೆ. ಸತ್ತೋರನ್ನ ತರಬೇಡ ಎಂದಿದ್ದ ಮೇಷ್ಟ್ರ ಮುಖ ನೋಡಲು ಧೈರ್ಯವಾಗಲಿಲ್ಲ.

ಮೌಖಿಕ ಪರೀಕ್ಷೆಗೆ ಬೇರೆ ಊರಿನಿಂದ ಒಬ್ಬ ಹಿರಿಯ ಪರೀಕ್ಷಕರು ಬಂದಿದ್ದರು. ಹಾಳೆ ತಿರುಗಿಸುತ್ತಾ ತಿರುಗಿಸುತ್ತಾ ಸರಿಯಾಗಿ ಐವತ್ತರ ಮೇಲೆ ಬೆರಳಿಟ್ಟರು. "ಈ ಉತ್ತರ ಚೆನ್ನಾಗಿದೆಯಲ್ಲ, ನಾನು ಹೋದರೂ ಹೋಗದಿದ್ದರೂ ನನ್ನ ಓಟು ಬಿದ್ದಿರುತ್ತದೆ. ಇವರನ್ನ ನೀನೇ ಕಂಡು ಮಾತಾಡಿಸಿದ್ದೋ, ಮನೆಯಲ್ಲಿ ಕೂತು ಬರೆದದ್ದೋ?"

ಸುಳ್ಳು ಹೇಳಿದರೆ ಕೆಲಸ, ನಿಜ ಹೇಳಿದರೆ ಮಿಲ್ಲು. ಕೊನೆಗೆ ನಿಜವನ್ನೇ ಹೇಳಿಬಿಟ್ಟೆ, ಮಜ್ಜಿಗೆಯ ಸಮೇತ.

ಗೈಡ್ ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು. ಪರೀಕ್ಷಕರು ಆ ಬಿಳಿ ಗೆರೆಯ ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಿನ್ನ ಕಣ್ಣಿಗೆ ಆಕೆ ಬದುಕಿದ್ದಳು?"

"ಹೌದು ಸರ್."

"ಊರಿನವರ ಪ್ರಕಾರ ಸತ್ತಿದ್ದಾಳೆ. ಸರ್ಕಾರದ ಪಟ್ಟಿಯ ಪ್ರಕಾರ?"

"ಬದುಕಿದ್ದಾರೆ ಸರ್."

"ಎರಡಕ್ಕೆ ಒಂದು." ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. "ಪ್ರಜಾಪ್ರಭುತ್ವದಲ್ಲಿ ಬಹುಮತಕ್ಕೆ ತಲೆಬಾಗಲೇಬೇಕಮ್ಮ. ಬದುಕಿದ್ದಾಳೆ."

ಫಸ್ಟ್ ಕ್ಲಾಸು ಬಂತು. ಹತ್ತಿರದಲ್ಲೇ ಒಂದು ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಮಿಲ್ಲಿನ ಹುಡುಗ ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದ. ಸೋದರತ್ತೆ ಮಾತ್ರ, "ಸತ್ತೋರ ಕೈಲಿ ಹೆಬ್ಬೆಟ್ಟು ಒತ್ತಿಸ್ಕಂಡು ಪಾಸಾದೋಳು" ಎಂದು ನೆಂಟರಿಗೆಲ್ಲ ಪರಿಚಯ ಮಾಡಿಸುವುದನ್ನು ಕೊನೆಯವರೆಗೂ ಬಿಡಲಿಲ್ಲ.

೬. ಕವರು

ಲೆಕ್ಚರರ್ ಆದವರಿಗೆ ಇನ್ನೊಂದು ಅವಕಾಶ ಕಟ್ಟಿಟ್ಟದ್ದು, ಚುನಾವಣೆ ಡ್ಯೂಟಿ. ಎಂಬತ್ತರ ದಶಕದಲ್ಲಿ, ಕೆಲಸಕ್ಕೆ ಸೇರಿ ಏಳೆಂಟು ವರ್ಷವಾದ ಮೇಲೆ, ನನ್ನ ಡ್ಯೂಟಿ ಆರ್ಡರಿನಲ್ಲಿ ಬಂದ ಹೆಸರು ಅದೇ ಹಟ್ಟಿಯದು. ಬೇರೆ ಕಡೆ ಹಾಕಿಕೊಡಿ ಎಂದು ಅರ್ಜಿ ಬರೆಯಲು ಕೂತೆ. ಕಾರಣ ಏನು ಬರೆಯುವುದು? ಸುಮ್ಮನಾದೆ.

ಮತಗಟ್ಟೆ ಇದ್ದದ್ದು ಹಟ್ಟಿಯ ಶಾಲೆಯಲ್ಲಿ. ಪ್ರಿಸೈಡಿಂಗ್ ಆಫೀಸರು ಒಬ್ಬ ಹೈಸ್ಕೂಲು ಹೆಡ್‌ಮಾಸ್ತರು, ಅವರ ಕೆಳಗೆ ಮೊದಲನೆಯ ಆಫೀಸರು ನಾನು, ಪಟ್ಟಿ ನನ್ನ ಕೈಯಲ್ಲಿ. ಎದುರಿಗೆ ಎರಡು ಪಾರ್ಟಿಯ ಇಬ್ಬರು ಏಜೆಂಟರು, ಒಬ್ಬ ರುಮಾಲಿನವನು, ಒಬ್ಬ ಕನ್ನಡಕದವನು. ಬೆಳಿಗ್ಗೆಯೇ ನೂರಾ ಹತ್ತು ನೋಡಿದೆ. ಈರಕ್ಕ ಇನ್ನೂ ಪಟ್ಟಿಯಲ್ಲೇ ಇದ್ದರು. ವಯಸ್ಸು ಮಾತ್ರ ಕ್ರಮವಾಗಿ ಏರಿತ್ತು. ನನಗಿಂತ ಸರ್ಕಾರಕ್ಕೇ ಅವರ ಮೇಲೆ ಹೆಚ್ಚು ನಂಬಿಕೆ.

ಒಂಬತ್ತು ಗಂಟೆಗೆ ಮೂವತ್ತು ವರ್ಷದ ಒಬ್ಬ ಹೆಂಗಸು ತಲೆತುಂಬ ಸೆರಗು ಹೊದ್ದು ಬಂದು, ನೂರಾ ಹತ್ತರ ಚೀಟಿ ಕೊಟ್ಟಳು. ನಾನು ಹೆಡ್‌ಮಾಸ್ತರ ಮುಖ ನೋಡಿದೆ. ಅವರು ಏಜೆಂಟರ ಮುಖ ನೋಡಿದರು. ಏಜೆಂಟರು ಸೂರಿನ ಕಡೆ ನೋಡಿದರು. ಯಾರ ಆಕ್ಷೇಪಣೆಯೂ ಇಲ್ಲ. ಹೆಸರಿನ ಕೆಳಗೆ ಗೆರೆ ಎಳೆದೆ, ಓಟು ಬಿತ್ತು.

ಮಧ್ಯಾಹ್ನವಾಯಿತು. ಬೆಳಿಗ್ಗೆ ಯಾರೋ ತಂದುಕೊಟ್ಟಿದ್ದ ಬಜ್ಜಿ ಹೆಡ್‌ಮಾಸ್ತರ ಹೊಟ್ಟೆಯಲ್ಲಿ ಮಾತಾಡತೊಡಗಿತ್ತು. ಚೊಂಬು ಹಿಡಿದು, "ಮೇಡಂ, ಸ್ವಲ್ಪ ನೋಡ್ಕೊಳ್ಳಿ" ಎಂದು ಲಂಟಾನ ಪೊದೆಯ ಕಡೆ ಓಡಿದರು. ಸಾಲು ಕರಗಿ ಶಾಲೆಯ ಅಂಗಳ ಖಾಲಿ. ಬಾಗಿಲಲ್ಲಿದ್ದ ಪೊಲೀಸಿನವನು ತೂಕಡಿಸುತ್ತಿದ್ದ.

ತಲೆಯೆತ್ತಿ ನೋಡಿದರೆ ಅಂಗಳದಲ್ಲಿ ಕುರಿಗಳು ನಿಂತಿದ್ದವು. ಇಪ್ಪತ್ತು ಮೂವತ್ತು. ಸದ್ದಿಲ್ಲ. ಎಲ್ಲವೂ ನನ್ನ ಕಡೆ ಮುಖ ಮಾಡಿದ್ದವು.

ಮುದುಕಿ ಒಳಗೆ ಬಂದು ಮೇಜಿನ ಮುಂದೆ ನಿಂತರು. ಒಂದು ಕೂದಲೂ ಬದಲಾಗಿರಲಿಲ್ಲ.

"ಈರಕ್ಕ," ಎಂದರು. "ನೂರಾ ಹತ್ತು."

ಎಷ್ಟೋ ಹೊತ್ತಿಗೆ ಕಾನೂನು ನೆನಪಾಯಿತು. ಕಾನೂನು ಒಳ್ಳೆಯದು, ಹೆದರಿಕೆಯಾದಾಗ ಹಿಡಿದುಕೊಳ್ಳಲು ಏನಾದರೂ ಇರುತ್ತದೆ. ಏಜೆಂಟರ ಕಡೆ ತಿರುಗಿ ಕೇಳಿದೆ: "ಇವರನ್ನ ಗುರುತಿಸ್ತೀರಾ?"

ರುಮಾಲಿನವನು ಎದ್ದು ನಿಂತು ರುಮಾಲು ತೆಗೆದ. "ಗುರುತಿಸ್ದೇ ಏನು ಮೇಡಂ. ನಮ್ಮ ಈರಕ್ಕಾನೇ. ತೀರ್ಕಂಡು ಹತ್ತು ವರ್ಷ ಆಗ್ತಾ ಬಂತು."

"ಆಕ್ಷೇಪಣೆ ಏನಾದ್ರೂ ಇದೆಯಾ?"

ಕನ್ನಡಕದವನು ತಡವರಿಸಿದ. "ನಮ್ದೇನಿಲ್ಲ ಮೇಡಂ. ನೀವು ಸಾಯಂಕಾಲ ಪೆಟ್ಟಿಗೆ ತಗಂಡು ಜೀಪ್ ಹತ್ತೋಗ್ತೀರಾ. ನಾಳೆ ಮಧ್ಯಾಹ್ನ ಆ ಬಂಡೆ ಮುಂದೆ ಹೊಲಕ್ಕೆ ಓಗ್ಬೇಕಾದೋರು ನಾವು."

"ಅಜ್ಜಿ," ಎಂದೆ, "ಬೆಳಿಗ್ಗೆ ಯಾರೋ ಬಂದು ನಿಮ್ಮ ಓಟು ಹಾಕಿಬಿಟ್ಟಿದ್ದಾರೆ."

"ಅವತ್ತೇ ಯೋಳಿರ್ಲಿಲ್ವಾ ನಾನು? ನೀನು ಬರ್ಕಂಡಿದ್ದೆಯಲ್ಲ, ಶಾಸ್ತ್ರದ ಹುಡುಗಿ." ಮುದುಕಿ ಸೊಂಟದ ಮೇಲೆ ಕೈಯಿಟ್ಟರು. "ಸತ್ತೋಳ ಓಟು ಬದುಕಿರೋರು ಕದಿಯೋದು ನ್ಯಾಯಾನಾ? ಈಗೇನು ಮಾಡ್ತೀಯಾ?"

ರಾಜ್ಯಶಾಸ್ತ್ರ ಓದಿ ಏನು ಉಪಯೋಗ ಎಂದು ಕೇಳಿದ್ದವರೆಲ್ಲ ಆಗ ಅಲ್ಲಿರಬೇಕಿತ್ತು. ನಮ್ಮ ಹೆಸರಿನಲ್ಲಿ ಬೇರೆಯವರು ಮೊದಲೇ ಓಟು ಹಾಕಿದ್ದರೆ, ನಿಜವಾದ ಮತದಾರರಿಗೆ ಬೇರೆ ಒಂದು ಚೀಟಿ ಕೊಡಬೇಕು. ಟೆಂಡರ್ ಓಟು ಎನ್ನುತ್ತಾರೆ. ಸತ್ತವರಿಗೆ ಕೊಡಕೂಡದು ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಪಟ್ಟಿ ಬದುಕಿದ್ದಾರೆ ಎನ್ನುತ್ತದೆ, ನನ್ನ ಕಣ್ಣೂ ಹಾಗೇ ಎನ್ನುತ್ತದೆ. ಬಹುಮತ.

ಚೀಟಿಯ ಹಿಂದೆ ಟೆಂಡರ್ ಓಟು ಎಂದು ಬರೆದುಕೊಟ್ಟೆ. ಮುದುಕಿ ಫಾರಮ್ಮಿಗೆ ಎಡಗೈ ಹೆಬ್ಬೆಟ್ಟು ಒತ್ತಿದರು. ಶಾಯಿಯ ಗುರುತಿನ ಮೇಲೆ, ಓರೆಯಾಗಿ, ಅದೇ ಬಿಳಿ ಗೆರೆ. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ರಟ್ಟಿನ ಮರೆಗೆ ಹೋಗಿ ಮುದ್ರೆ ಒತ್ತಿ, ಚೀಟಿ ಮಡಿಸಿಕೊಂಡು ಸೀದಾ ಪೆಟ್ಟಿಗೆಯ ಹತ್ತಿರ ನಡೆದರು.

"ಅಜ್ಜಿ, ಪೆಟ್ಟಿಗೆಗಲ್ಲ," ಎಂದೆ. "ಇದನ್ನ ಈ ಕವರಿನಲ್ಲಿ ಹಾಕಬೇಕು."

"ಯಾಕೆ? ಇದನ್ನ ಎಣಿಸಾಕಿಲ್ವಾ?"

"ಇಲ್ಲ ಅಜ್ಜಿ. ಕವರಿನಲ್ಲಿ ಜೋಪಾನವಾಗಿ ಇಟ್ಟಿರ್ತಾರೆ. ಇರುತ್ತೆ, ಆದ್ರೆ ಎಣಿಸೋದಿಲ್ಲ."

ಮುದುಕಿ ಕವರನ್ನು ನೋಡಿದರು, ನನ್ನನ್ನು ನೋಡಿದರು. ಮೊದಲ ಸಲ ಅವರು ನಕ್ಕದ್ದು ಆಗ. ಚೀಟಿಯನ್ನು ನನ್ನ ಕೈಯಲ್ಲಿಟ್ಟರು. ಆ ಬೆರಳು ಅವತ್ತಿನ ಮಜ್ಜಿಗೆಯಷ್ಟೇ ತಣ್ಣಗಿತ್ತು.

"ಅಂಗಾರೆ ಇದೂ ನನ್ನಂಗೇ ಅನ್ನು. ಆಟಕ್ಕುಂಟು, ಲೆಕ್ಕಕ್ಕಿಲ್ಲ."